ಚಳಿಗಾಲದಲ್ಲಿ ರೇಷ್ಮೆ ಹುಳು ಮನೆಗೆ ಯಾವ ಹೀಟರ್ ಸೇಫ್? ಮೊದಲು ಕೆಳಗಿನ ತಟ್ಟೆ ನೋಡಿ

ಡಿಸೆಂಬರ್ ಬೆಳೆಗೆ ಹುಳು ಮನೆ ಬೆಚ್ಚಗಿಡಲು ಇದ್ದಿಲು ಒಲೆ, ರೂಮ್ ಹೀಟರ್, ಬಲ್ಬ್, ಈ ಮೂರರಲ್ಲಿ ಯಾವುದು ಸೇಫ್ ಎಂದು ಕೇಳಿದ್ದೀರಿ. ನಿಮ್ಮದು ಶೀಟಿನ ಮನೆ, ಮೊದಲ ಬೈವೋಲ್ಟೈನ್ (ಬಿಳಿ ಗೂಡಿನ ತಳಿ) ಬೆಳೆ, ಮೊಟ್ಟೆ ತಂದು ಮನೆಯಲ್ಲೇ ಚಾಕಿ, ಅಂದರೆ ಎಳೆ ಹುಳು ಸಾಕಣೆ, ಮಾಡುವ ಯೋಚನೆ. ನಾನು ಮಳವಳ್ಳಿ ಕಡೆಯವನು. ನನ್ನದೂ ಹೀಗೇ ಶುರುವಾಗಿದ್ದು.

ಅಪ್ಪ ಹಳದಿ ಗೂಡು ಬೆಳೆಯುತ್ತಿದ್ದಾಗ ಚಳಿಗೆ ಇದ್ದಿಲೇ ಗತಿ. ಹೊರಗೆ ಕೆಂಡ ಮಾಡಿ, ಹೊಗೆ ಪೂರ್ತಿ ಹೋದ ಮೇಲೆ ಬಾಣಲೆಯಲ್ಲಿ ಒಳಗೆ ತಂದಿಡುತ್ತಿದ್ದರು. ಹೊಗೆ ಇಲ್ಲ ಅಂದಮೇಲೆ ಭಯವಿಲ್ಲ ಎಂಬ ನಂಬಿಕೆ. ಆದರೆ ನಿಗಿನಿಗಿ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಚಳಿ ಅಂತ ಕಿಟಕಿ ಮುಚ್ಚಿ, ರಾತ್ರಿ ಸೊಪ್ಪು ಹಾಕಿ ಅಲ್ಲೇ ಒಂದು ನಿದ್ದೆ ತೆಗೆಯುತ್ತೇವಲ್ಲ, ಹಾಗೆ ಮಲಗಿದವರು ಏಳದೇ ಹೋಗಬಹುದು. ಹುಳುವಿನ ಮಾತು ಆಮೇಲೆ. ಅಪ್ಪನ ಕಾಲದ ಹೆಂಚಿನ ಮನೆಯಲ್ಲಿ ಸಂದಿಸಂದಿಯಿಂದ ಗಾಳಿ ಆಡುತ್ತಿತ್ತು. ಈಗಿನ ಮನೆಗಳು ಹಾಗಿಲ್ಲ. ಇದ್ದಿಲನ್ನು ಲೆಕ್ಕದಿಂದಲೇ ತೆಗೆದುಬಿಡಿ, ಇದರಲ್ಲಿ ರಾಜಿ ಬೇಡ.

ಅದಕ್ಕೇ ನಾನು ಕರೆಂಟ್ ಹೀಟರ್ ತಂದೆ. ಹೀಟರ್ ಚೆನ್ನಾಗಿಯೇ ಕೆಲಸ ಮಾಡಿತು. ನನ್ನ ಬೆಳೆ ಕೆಟ್ಟಿದ್ದು ಥರ್ಮಾಮೀಟರ್ ನೇತುಹಾಕಿದ ಜಾಗದಿಂದ.

ಬಾಗಿಲು ತೆಗೆದ ಕೂಡಲೇ ಕಾಣಲಿ ಎಂದು ಅದನ್ನು ಬಾಗಿಲ ಪಕ್ಕದ ಕಂಬಕ್ಕೆ, ನನ್ನ ಎದೆ ಎತ್ತರಕ್ಕೆ ಕಟ್ಟಿದ್ದೆ. ಚಾಕಿ ಹುಳುವಿಗೆ 27-28 ಡಿಗ್ರಿ ಬೇಕು. ಅದು 27 ತೋರಿಸುತ್ತಿತ್ತು. ನೋಡಿ ಸಮಾಧಾನವಾಗಿ ಹೋಗಿ ಮಲಗುತ್ತಿದ್ದೆ. ಬಿಸಿ ಗಾಳಿ ಮೇಲಕ್ಕೆ ಏರುತ್ತದೆ ಎಂಬುದು ಯಾರಿಗೆ ಗೊತ್ತಿಲ್ಲ? ಆದರೂ ಸ್ಟ್ಯಾಂಡಿನ ಕೆಳಗಿನ ತಟ್ಟೆಗಳಲ್ಲಿ ಏನು ನಡೆಯುತ್ತಿದೆ ಎಂದು ನಾನು ಬಗ್ಗಿ ನೋಡಲಿಲ್ಲ. ಅವು ನೆಲದಿಂದ ಒಂದು ಗೇಣು ಮೇಲೆ, ತಣ್ಣನೆಯ ಸಿಮೆಂಟಿನ ಪಕ್ಕ ಇದ್ದವು. ಆಮೇಲೊಂದು ಬೆಳಗಿನ ಜಾವ ಥರ್ಮಾಮೀಟರನ್ನು ಬಿಚ್ಚಿ ಕೆಳಗಿನ ತಟ್ಟೆಯಲ್ಲಿ ಇಟ್ಟೆ. 21ಕ್ಕೆ ಬಂತು. ಹುಳುವಿಗೆ ತನ್ನದೇ ಮೈಶಾಖ ಇಲ್ಲ. ಸುತ್ತಲಿನ ಗಾಳಿ ಎಷ್ಟೋ ಅದರ ಮೈಯೂ ಅಷ್ಟೇ. ಒಂದೇ ಮನೆ, ಒಂದೇ ದಿನದ ಮೊಟ್ಟೆ, ಆದರೆ ಮೇಲಿನವು ಒಂದು ಹವೆಯಲ್ಲಿ, ಕೆಳಗಿನವು ಇನ್ನೊಂದು ಹವೆಯಲ್ಲಿ ಬೆಳೆದವು.

ಇದರಿಂದ ಏನಾಯಿತು ನೋಡಿ. ಮೇಲಿನ ತಟ್ಟೆಯವು ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತವು. ತಲೆ ಎತ್ತಿ, ಅಲುಗಾಡದೆ, ಮೈ ಮಿರುಗುತ್ತಾ ಕೂತಿದ್ದವು. ಕೆಳಗಿನವು ಇನ್ನೂ ಮೇಯುತ್ತಲೇ ಇದ್ದವು. ಜ್ವರದ ಹುಳುವಿಗೆ ಸೊಪ್ಪು ಹಾಕಬಾರದು, ಹಾಸಿಗೆ, ಅಂದರೆ ಹುಳು ಕೂತ ಸೊಪ್ಪಿನ ಪದರ, ಒಣಗಿರಬೇಕು. ಮೇಯುವ ಹುಳುವನ್ನು ಉಪವಾಸ ಕೆಡವಬಾರದು. ನಾನು ಎಲ್ಲ ತಟ್ಟೆಗೂ ಒಂದೇ ಲೆಕ್ಕ ಹಿಡಿದೆ. ಅದರ ಮೇಲೆ, ಹೀಟರ್ ಗಾಳಿಗೆ ಸೊಪ್ಪು ಬೇಗ ಬಾಡುತ್ತದೆ ಎಂದು ಸುತ್ತಲೂ ಗೋಣಿ ತಾಟು ಒದ್ದೆ ಮಾಡಿ ಕಟ್ಟಿದ್ದೆ. ಶಾಖ ಮೇಲೆ ಉಳಿಯಿತು, ತೇವ ಕೆಳಗೆ ನಿಂತಿತು. ಚಳಿ ಮತ್ತು ತೇವ ಒಟ್ಟಿಗೆ ಸಿಕ್ಕರೆ ಸುಣ್ಣಕಟ್ಟು ರೋಗದ ಬೂಷ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಡ. ಮೂರನೇ ಜ್ವರ ಎದ್ದ ಮೇಲೆ ಕೆಳಗಿನ ತಟ್ಟೆಗಳಲ್ಲಿ ಹುಳು ಸಾಯತೊಡಗಿದವು. ಮೊದಲು ಮೆತ್ತಗಿರುತ್ತವೆ. ಆಮೇಲೆ ಸೆಟೆದು ಕಡ್ಡಿಯಾಗಿ, ಮೈಮೇಲೆ ಬಿಳಿ ಪುಡಿ ಏಳುತ್ತದೆ. ಆ ಪುಡಿಯೇ ಬೂಷ್ಟಿನ ಬೀಜ. ಬೆಳ್ಳಗಾಗುವ ಮೊದಲೇ ಆರಿಸಿ ಸುಡಬೇಕಿತ್ತು. ನಾನು ಆರಿಸುವ ಹೊತ್ತಿಗೆ ಮೇಲಿನ ತಟ್ಟೆಗೂ ಹತ್ತಿತ್ತು.

ಅವ್ವ ಸಾಲ ಮಾಡಿ ಸೊಪ್ಪು ಕೊಂಡಿದ್ದರು. ಉಳಿದ ಹುಳು ಕಟ್ಟಿದ ಗೂಡು ತೆಳು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಆ ಲಾಟ್‌ಗೆ ಸಿಕ್ಕಿದ ದುಡ್ಡಿನಲ್ಲಿ ಸೊಪ್ಪಿನ ಸಾಲವೂ ತೀರಲಿಲ್ಲ.

ಹಾಗಾಗಿ ನನ್ನ ಮಾತು ಕೇಳುವುದಾದರೆ, ಮೊದಲ ಚಳಿಗಾಲದಲ್ಲಿ ಮನೆಯಲ್ಲಿ ಚಾಕಿ ಮಾಡಲೇಬೇಡಿ. ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತನ್ನಿ. 27-28 ಡಿಗ್ರಿ ಶಾಖ, ಶೇಕಡ 85-90ರ ತೇವ ಎರಡನ್ನೂ ಒಟ್ಟಿಗೆ ಹಿಡಿದಿಡುವ ಕೆಲಸ ಅವರದು. ದೊಡ್ಡ ಹುಳುವಿಗೆ 24-25 ಡಿಗ್ರಿ, 70ರ ಆಸುಪಾಸಿನ ತೇವ ಸಾಕು. ನಮ್ಮ ಕಡೆ ಆ ತಿಂಗಳುಗಳಲ್ಲಿ ಹಗಲು 28ರ ಹತ್ತಿರ ಇದ್ದೇ ಇರುತ್ತದೆ. ಬೆಳಗಿನ ಜಾವ 15-16ಕ್ಕೆ ಇಳಿಯುತ್ತದೆ. ಅಂದರೆ ನಿಮಗೆ ಬೇಕಾಗಿರುವುದು ರಾತ್ರಿಯ ಶಾಖ ಮಾತ್ರ, ಅಲ್ವಾ? ಹಗಲಿನ ಬಿಸಿಯನ್ನು ರಾತ್ರಿಗೆ ಉಳಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ತಗಡಿನ ಶೀಟು ಸಂಜೆಯಾದ ಕೂಡಲೇ ತಣ್ಣಗಾಗುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿ, ಒಳಗೆ ಟಾರ್ಪಾಲಿನ್ ಅಡ್ಡ ಕಟ್ಟಿ ಚಾವಣಿ ತಗ್ಗಿಸಿ. ಹೀಟರ್‌ಗೆ ದುಡ್ಡು ಹಾಕುವ ಮೊದಲು ಇದನ್ನು ಮಾಡಿ.

ಆಮೇಲೂ ಹೀಟರ್ ಬೇಕೆನಿಸಿದರೆ ಎಣ್ಣೆ ತುಂಬಿದ ರೇಡಿಯೇಟರ್ ಮಾದರಿಯದು ತನ್ನಿ. ಕೆಂಪಗೆ ಕಾಯುವ ತಂತಿ ಹೊರಗೆ ಕಾಣುವ ಹೀಟರ್ ಬೇಡ. ಹುಳು ಮನೆ ತುಂಬ ಒಣ ಸೊಪ್ಪು, ಪೇಪರ್, ಪ್ಲಾಸ್ಟಿಕ್ ಬಲೆ. ಒಂದು ಕಿಡಿ ಸಾಕು. 2000 ವ್ಯಾಟ್ ಹೀಟರ್ ಸುಮಾರು 9 ಆಂಪ್ಸ್ ಎಳೆಯುತ್ತದೆ. ಬಲ್ಬಿಗೆಂದು ಹಾಕಿಸಿದ ತೆಳು ವೈರಿಗೆ, 6 ಆಂಪ್ಸ್ ಸಾಕೆಟ್‌ಗೆ ಅದನ್ನು ಸಿಕ್ಕಿಸಬೇಡಿ. 16 ಆಂಪ್ಸ್ ಸಾಕೆಟ್, ದಪ್ಪ ವೈರು, ಅರ್ಥಿಂಗ್ ಇರಲಿ. ಗಂಟೆಗೆ 2 ಯೂನಿಟ್ ಕರೆಂಟ್ ಎಂಬ ಲೆಕ್ಕವೂ ಇರಲಿ. ಥರ್ಮೋಸ್ಟಾಟ್ ಬೇರೆ ಕೊಂಡು, ಅದರ ಸೆನ್ಸರ್ ವೈರನ್ನು ಕೆಳಗಿನ ಹಾಸಿಗೆಯ ಹತ್ತಿರ ಕಟ್ಟಿ. ಮೇಲಿನ ಹಾಸಿಗೆಗೆ ಇನ್ನೊಂದು ಥರ್ಮಾಮೀಟರ್. ಎರಡಕ್ಕೂ ವ್ಯತ್ಯಾಸ ಜಾಸ್ತಿ ಕಂಡರೆ ಹೀಟರ್ ಶಾಖ ಏರಿಸಬೇಡಿ, ಒಂದು ಫ್ಯಾನನ್ನು ಗೋಡೆ ಕಡೆ ತಿರುಗಿಸಿ ನಿಧಾನಕ್ಕೆ ಬಿಡಿ. ಗಾಳಿ ನೇರವಾಗಿ ಹುಳುವಿಗೆ ಬಡಿಯಬಾರದು.

ಬಲ್ಬಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಎಲ್‌ಇಡಿಯಿಂದ ಮನೆ ಬೆಚ್ಚಗಾಗುವಷ್ಟು ಶಾಖ ಬರುವುದಿಲ್ಲ. ಹಳೇ ತಂತಿ ಬಲ್ಬ್ ತನ್ನ ಕೆಳಗಿನ ಜಾಗವನ್ನಷ್ಟೇ ಕಾಯಿಸುತ್ತದೆ, ಮತ್ತೆ ಅದೇ ಏರುಪೇರು.

ನಾಲ್ಕನೇ ಜ್ವರ ಎದ್ದ ಮೇಲೆ ಚಳಿಗೆ ಹೆದರಿ ಕಿಟಕಿ ಮುಚ್ಚಿಡಬೇಡಿ. ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಜಾಸ್ತಿ ತಿನ್ನುವುದು ಆಗಲೇ. ಹಿಕ್ಕೆ, ಕಸರು, ತೇವ ಎಲ್ಲ ಏರುತ್ತದೆ, ಗಾಳಿ ಆಡದಿದ್ದರೆ ಬೆಚ್ಚಗಿದ್ದೂ ಸಾಯುತ್ತವೆ. ಬಿಸಿಲೇರಿದ ಕೂಡಲೇ ಹೀಟರ್ ಆರಿಸಿ ಎರಡೂ ಬದಿ ಕಿಟಕಿ ತೆಗೆಯಿರಿ. ಇನ್ನು, ಸೊಳ್ಳೆ ಬತ್ತಿಯನ್ನು ಹುಳು ಮನೆ ಆಸುಪಾಸಿಗೂ ತರಬೇಡಿ.

ಮನೆ ಎಷ್ಟು ಅಡಿ, ಎಷ್ಟು ಮೊಟ್ಟೆಯ ಹುಳು, ಕಿಟಕಿ ಯಾವ ದಿಕ್ಕಿಗೆ ಎಂದು ಬರೆಯಿರಿ. ಹೀಟರ್ ಎಲ್ಲಿಡಬೇಕು ಎಂದು ಹೇಳುತ್ತೇನೆ.