ಆಪ್ತಸಲಹೆ ಪ್ರಕರಣ: ಮನೆಯಲ್ಲಿ ಒಬ್ಬನಿಗೇ ಅಂಟಿದ ಕಪ್ಪು ಟೋಪಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಅಕ್ಕ, ಅಣ್ಣ, ತಮ್ಮ, ಮತ್ತು ಎಪ್ಪತ್ತು ದಾಟಿದ ತಾಯಿ. ತಂದೆ ತೀರಿಕೊಂಡ ಮೇಲೆ ತಾಯಿ ಯಾರ ಮನೆಯಲ್ಲಿರಬೇಕು ಎಂಬ ಮಾತು ಎತ್ತಿದಾಗಲೆಲ್ಲ ಜಗಳ. "ಏನು ಹೇಳಿದ್ರೂ ಇವನು ಕೊಕ್ಕೆ ಹಾಕ್ತಾನೆ" ಎನ್ನುವುದು ಅಕ್ಕನ ದೂರು. "ಆಸ್ಪತ್ರೆ, ಖರ್ಚು ಅಂತ ಕೇಳಿದ್ರೆ ನಾನೇ ಕೆಟ್ಟವನು" ಎನ್ನುವುದು ತಮ್ಮನದು. ಅಣ್ಣ ಬಾಯೇ ಬಿಡುತ್ತಿರಲಿಲ್ಲ. ತಾಯಿಯನ್ನಂತೂ ಯಾರೂ ಕೇಳಿರಲಿಲ್ಲ.

ಇವರಿಗೆ ಸೂಚಿಸಿದ್ದು, ಯೋಚಿಸುವ ಬಗೆಗಳ ಕುರಿತು ಬರೆದ ಎಡ್ವರ್ಡ್ ಡಿ ಬೋನೊ 1985ರಲ್ಲಿ ಪರಿಚಯಿಸಿದ ಆರು ಟೋಪಿಗಳ ವಿಧಾನ. ಟೋಪಿ ಹಾಕಿಕೊಂಡಂತೆ ಭಾವಿಸಿದರೆ ಸಾಕು, ಒಂದೊಂದು ಬಣ್ಣ ಒಂದೊಂದು ಬಗೆಯ ಯೋಚನೆಗೆ. ಬಿಳಿ ಮಾಹಿತಿಗೆ, ಕೆಂಪು ಭಾವನೆಗೆ, ಕಪ್ಪು ಅಪಾಯಕ್ಕೆ, ಹಳದಿ ಅನುಕೂಲಕ್ಕೆ, ಹಸಿರು ಹೊಸ ದಾರಿಗೆ, ನೀಲಿ ಮಾತುಕತೆ ನಡೆಸುವುದಕ್ಕೆ. ಬಹಳ ಮಂದಿ ಒಬ್ಬೊಬ್ಬರಿಗೆ ಒಂದೊಂದು ಟೋಪಿ ಹಂಚಿಬಿಡುತ್ತಾರೆ. ಈ ಮನೆಯವರು ಮಾಡಿಕೊಂಡಿದ್ದೂ ಅದನ್ನೇ, ಟೋಪಿಯ ಹೆಸರಿಲ್ಲದೆ: ತಮ್ಮನಿಗೆ ಕಪ್ಪು ಕಾಯಂ. ಒಂದು ಹೊತ್ತಿಗೆ ಎಲ್ಲರದೂ ಒಂದೇ ಬಣ್ಣ ಎಂಬುದೇ ಇಲ್ಲಿ ಮೂಲ ನಿಯಮ. ಅಪಾಯ ಹುಡುಕುವ ಸರದಿ ಬಂದಾಗ ಅಕ್ಕನೂ ಹುಡುಕಲೇಬೇಕು.

ಕೊಟ್ಟ ಸಲಹೆ ಹೀಗಿತ್ತು. ತಾಯಿಯನ್ನೂ ಕೂರಿಸಿಕೊಳ್ಳಿ. ನೀಲಿಯಿಂದ ಶುರುಮಾಡಿ, ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದಿಡಿ. "ಅಮ್ಮನನ್ನು ಯಾರು ನೋಡ್ಕೋಬೇಕು" ಎಂದರೆ ಆರೋಪದ ವಾಸನೆ ಬರುತ್ತದೆ. "ಮುಂದಿನ ಆರು ತಿಂಗಳು ಅಮ್ಮ ಎಲ್ಲಿ, ಹೇಗೆ ಇರಬೇಕು" ಎಂದು ಬರೆಯಿರಿ. ಸಾಮಾನ್ಯವಾಗಿ ಮುಂದಿನದು ಬಿಳಿ. ಆದರೆ ಕೋಪ ಮೂಗಿನ ತುದಿಯಲ್ಲಿರುವಾಗ ಅಂಕಿಅಂಶ ಯಾರ ಕಿವಿಗೂ ಬೀಳುವುದಿಲ್ಲ, ಹಾಗಾಗಿ ಇವರಿಗೆ ಕೆಂಪು ಮೊದಲು: ತಲಾ ಮೂವತ್ತು ಸೆಕೆಂಡು, ಕಾರಣ ಹೇಳುವಂತಿಲ್ಲ, ಯಾಕೆಂದು ಕೇಳುವಂತಿಲ್ಲ. ತಾಯಿ ಮೊದಲು ಮಾತಾಡಲಿ. ಕೊನೆಗಿಟ್ಟರೆ ಮಕ್ಕಳ ಮುಖ ನೋಡಿ ಮಾತು ಬದಲಿಸಿಬಿಡುತ್ತಾರೆ.

ಬಿಳಿಗೆ ಹತ್ತು ನಿಮಿಷ. ಜಾರುವುದು ಹೆಚ್ಚಾಗಿ ಇಲ್ಲಿಯೇ. "ಅಮ್ಮನಿಗೆ ಅಲ್ಲಿ ಒಗ್ಗಲ್ಲ" ಎಂಬುದು ಅಭಿಪ್ರಾಯ. "ರಾತ್ರಿ ಎರಡು ಸಲ ಏಳ್ತಾರೆ, ಶೌಚಾಲಯ ಮೇಲಿನ ಮಹಡಿಯಲ್ಲಿದೆ" ಎಂಬುದು ಮಾಹಿತಿ. ಗೊತ್ತಿಲ್ಲದ್ದನ್ನು ಪಕ್ಕದಲ್ಲಿ ಬರೆದು, ಯಾರು ವಿಚಾರಿಸುತ್ತಾರೆಂದೂ ಬರೆಯಿರಿ. ಹಳದಿ ಕಪ್ಪಿಗಿಂತ ಮೊದಲೇ ಬರಲಿ. ತಪ್ಪು ಹುಡುಕಿ ಮುಗಿಸಿದ ಮೇಲೆ ಒಳ್ಳೆಯದು ಕಾಣುವುದು ಕಷ್ಟ. ಕಪ್ಪಿಗೆ ಐದೇ ನಿಮಿಷ, ಗಡಿಯಾರ ನೋಡಿ ನಿಲ್ಲಿಸಿ. ಹಸಿರಿನಲ್ಲಿ ಕಪ್ಪಿನ ಪಟ್ಟಿಯನ್ನೇ ಹಿಡಿದು ಒಂದೊಂದಕ್ಕೂ ದಾರಿ ಹುಡುಕಿ, ಯಾವುದನ್ನೂ ಆಗಲೇ ತಳ್ಳಿಹಾಕಬೇಡಿ. ಕೊನೆಗೆ ಮತ್ತೆ ನೀಲಿ: ಏನು ತೀರ್ಮಾನ, ಯಾರ ಹೊಣೆ, ಮತ್ತೆ ಕೂರುವುದು ಯಾವತ್ತು.

ತಮ್ಮನಿಗೆ ಬೇರೆಯಾಗಿ ಹೇಳಿದ್ದು: ಹಳದಿಯ ನಡುವೆ ಆಕ್ಷೇಪ ಹೊಳೆದರೆ ಚೀಟಿಯಲ್ಲಿ ಗೀಚಿಟ್ಟುಕೊಳ್ಳಿ, ಅದಕ್ಕೂ ಸರದಿ ಬರುತ್ತದೆ. ಅಕ್ಕನಿಗೆ: "ನೀನು ಯಾವಾಗ್ಲೂ ಕಪ್ಪು ಟೋಪಿನೇ" ಎಂದು ಹಂಗಿಸಿದ ದಿನ ಈ ವಿಧಾನ ಕೆಟ್ಟಿತೆಂದೇ ತಿಳಿಯಿರಿ.

ಹೊಡೆತ, ಬೆದರಿಕೆ ಇರುವ ಮನೆಗೆ ಇದನ್ನು ಸೂಚಿಸುವುದಿಲ್ಲ. ಕೆಂಪು ಟೋಪಿಯಲ್ಲಿ ಆಡಿದ ಮಾತಿಗೆ ಅಲ್ಲಿ ರಾತ್ರಿ ಲೆಕ್ಕ ಕೇಳುತ್ತಾರೆ. ಅಂಥವರನ್ನು ಒಬ್ಬೊಬ್ಬರಾಗಿಯೇ ಕಾಣಬೇಕು.