ಬೋರ್ಡು ಸ್ಪ್ಯಾನಿಷ್‌ನಲ್ಲಿದೆ, ಓದೋರು ಯಾರು?

ಹಾಸನದಿಂದ ನಿವೃತ್ತ ಟೀಚರ್ ಒಬ್ಬರು ಬರೆದಿದ್ದಾರೆ. ಮಗನ ಮನೆಗೆಂದು ಕ್ಯಾಲಿಫೋರ್ನಿಯಾಗೆ ಹೋದಾಗ ವಾಟ್ಸನ್‌ವಿಲ್ ಹತ್ತಿರ ಸ್ಟ್ರಾಬೆರಿ ಹೊಲ ನೋಡಿದರಂತೆ. ಕಣ್ಣಷ್ಟೇ ಕಾಣುವ ಹಾಗೆ ಬಟ್ಟೆ ಸುತ್ತಿಕೊಂಡ ಹೆಂಗಸರು ಬಗ್ಗಿ ಹಣ್ಣು ಬಿಡಿಸುತ್ತಿದ್ದರಂತೆ. "ಅಲ್ಲಿ ಕಾನೂನು ಬಿಗಿ. ಎಚ್ಚರಿಕೆ ಬೋರ್ಡು ಸ್ಪ್ಯಾನಿಷ್‌ನಲ್ಲೂ ಇತ್ತು. ಮೆಕ್ಸಿಕೋದವರಿಗೆ ಅದು ಬರುತ್ತೆ ಅಲ್ವಾ? ಮತ್ತೆ ಹಣ್ಣು ಬಿಡಿಸುವವರ ಶೋಷಣೆ ಅಂತಾರಲ್ಲ, ಅದು ಎಲ್ಲಿಂದ ಬಂತು? ನಾವು ಆ ಹಣ್ಣು ತಿನ್ನೋದು ಬಿಡಬೇಕಾ?" ಎಂದು ಕೇಳಿದ್ದಾರೆ.

ಮೇಡಂ, ತೊಡಕಿರುವುದೇ ಆ ಬೋರ್ಡಿನಲ್ಲಿ. ಅಲ್ಲಿ ಹಣ್ಣು ಬಿಡಿಸುವ ತುಂಬಾ ಜನ ದಕ್ಷಿಣ ಮೆಕ್ಸಿಕೋದ ಓಹಾಕಾ, ಗೆರೆರೋ ಕಡೆಯ ಮೂಲನಿವಾಸಿಗಳು. ಮನೆಮಾತು ಮಿಸ್ಟೆಕ್, ಟ್ರಿಕಿ, ಸಪೊಟೆಕ್. ಇವು ಸ್ಪ್ಯಾನಿಷ್‌ನ ಆಡುಮಾತುಗಳಲ್ಲ, ಕನ್ನಡ-ಹಿಂದಿಯ ಹಾಗೆ ಕುಟುಂಬವೇ ಬೇರೆ. ಮಿಸ್ಟೆಕ್‌ನಲ್ಲಿ ದನಿ ಏರಿದರೆ ಒಂದರ್ಥ, ಇಳಿದರೆ ಇನ್ನೊಂದು. ಬ್ಯಾಂಕಿನಲ್ಲಿ ಹಿಂದಿ ಚಲನ್ ಹಿಡಿದು ನಿಂತ ನಮ್ಮ ಅಜ್ಜಿಯರನ್ನು ನೆನೆಸಿಕೊಳ್ಳಿ. ಬ್ಯಾಂಕಿನಲ್ಲಾದರೆ ಹಾಳಾಗುವುದು ಅರ್ಧ ದಿನ ಅಷ್ಟೇ. ಹೊಲದ ಬೋರ್ಡು ಹೇಳುವುದು, "ಔಷಧಿ ಹೊಡೆದಿದೆ, ಒಳಗೆ ಬರಬೇಡಿ" ಅಂತ.

ನೀವು ಕಂಡ ಆ ಬಟ್ಟೆ ಸಂಜೆ ಮನೆಗೂ ಬರುತ್ತದೆ, ಔಷಧಿಯ ಅಂಶದ ಸಮೇತ. ಸ್ನಾನ ಮಾಡಿ, ಬಟ್ಟೆ ಬದಲಿಸಿ ಆಮೇಲೆ ಮಗು ಎತ್ತಿಕೊಳ್ಳಿ ಎನ್ನುತ್ತಾರೆ. ಓಡಿಬರುವ ಮಗುವಿಗೆ ಇದನ್ನು ಹೇಳೋರು ಯಾರು?

ಇನ್ನು ಕಾನೂನು. ಅಮೆರಿಕದ 1938ರ ಕೂಲಿ ಕಾಯ್ದೆ ಹೊಲದ ಕೂಲಿಯವರನ್ನು ಓವರ್‌ಟೈಮ್‌ನಿಂದ ಹೊರಗೇ ಇಟ್ಟಿದೆ. ಅಪ್ಪ ಅಮ್ಮ ಒಪ್ಪಿದರೆ, ಶಾಲೆಯಿಲ್ಲದ ಹೊತ್ತಲ್ಲಿ 12 ವರ್ಷದ ಮಗುವೂ ಹೊಲದಲ್ಲಿ ದುಡಿಯಬಹುದು. ಕ್ಯಾಲಿಫೋರ್ನಿಯಾ ಅದಕ್ಕಿಂತ ವಾಸಿ ಅನ್ನಿ. ಬಿಸಿಲಲ್ಲಿ ದುಡಿಯುವವರಿಗೆ ನೀರು, ನೆರಳು ಕೊಡಲೇಬೇಕೆಂದು 2005ರಲ್ಲೇ ನಿಯಮ ತಂದಿತು. ಆದರೂ 2008ರ ಮೇ ತಿಂಗಳಲ್ಲಿ ಓಹಾಕಾದ 17ರ ಹುಡುಗಿಯೊಬ್ಬಳು ದ್ರಾಕ್ಷಿ ತೋಟದಲ್ಲಿ ಗಂಟೆಗಟ್ಟಲೆ ದುಡಿದು ಕುಸಿದಳು. ಬಿಸಿಲು 35 ಡಿಗ್ರಿ ದಾಟಿತ್ತು. ನೆರಳಿರಲಿಲ್ಲ. ನೀರಿಗೆ ಹತ್ತು ನಿಮಿಷ ನಡೆಯಬೇಕಿತ್ತು. ಎರಡು ದಿನಕ್ಕೆ ತೀರಿಕೊಂಡಳು. ಎರಡು ತಿಂಗಳ ಬಸುರಿ ಎಂದು ಗೊತ್ತಾಗಿದ್ದು ಆಸ್ಪತ್ರೆಯಲ್ಲಿ. ಕೂಲಿ ಗುತ್ತಿಗೆಯವರಿಗೆ ಕೊನೆಗೆ ಆಗಿದ್ದು ದಂಡ, ಸಮುದಾಯ ಸೇವೆ. ಜೈಲಿಲ್ಲ.

ತಿನ್ನೋದು ಬಿಡಬೇಕಾ ಅಂದಿರಿ. ಸುಮ್ನೆ ನಾವೇ ತೀರ್ಮಾನಿಸುವುದು ಬೇಡ, ಬಿಡಿಸುವವರನ್ನೇ ಕೇಳೋಣ. ವಾಷಿಂಗ್ಟನ್ ರಾಜ್ಯದಲ್ಲಿ 2013ರಲ್ಲಿ ಮಿಸ್ಟೆಕ್, ಟ್ರಿಕಿ ಕೂಲಿಯವರು 'ಫಮಿಲಿಯಾಸ್ ಉನಿದಾಸ್ ಪೋರ್ ಲಾ ಹುಸ್ತೀಸಿಯಾ' ಎಂಬ ಸಂಘ ಕಟ್ಟಿ, ತಮ್ಮ ಮಾಲೀಕರ ಹಣ್ಣು ಕೊಳ್ಳಬೇಡಿ ಎಂದರು. 2016ರಲ್ಲಿ ಮತ ಹಾಕಿ ಸಂಘಕ್ಕೆ ಮಾನ್ಯತೆ ಪಡೆದರು. ಇನ್ನು ಕೊಳ್ಳಬಹುದು ಎಂದವರೂ ಅವರೇ. ಮರುವರ್ಷ ಕೂಲಿ ಒಪ್ಪಂದಕ್ಕೆ ಸಹಿ ಬಿತ್ತು.

-ಸಂ.