ಕಥೋಲಿಕ ಶಾಲೆಯಲ್ಲಿ ವಿಶ್ವಾಸವನ್ನು, ಅಂದರೆ ಕ್ರಿಸ್ತನಲ್ಲಿನ ನಂಬಿಕೆಯನ್ನು, ಬದುಕುವುದು ಅಂದರೆ ಏನು?

ಗೋಡೆಗೆ ಶಿಲುಬೆ, ಬೆಳಗ್ಗೆ ಪ್ರಾರ್ಥನೆ, ಹಬ್ಬಕ್ಕೆ ಬಲಿಪೂಜೆ (ಪಾದ್ರಿ ನಡೆಸುವ ಮಾಸ್ ಆರಾಧನೆ), ಇಷ್ಟೇನಾ ಅಂತ ಕೇಳಿದ್ದೀರಿ. ಇವೆಲ್ಲ ಬೇಕು, ಆದರೆ ಇಷ್ಟೇ ಸಾಲದು.

1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ಅಂದರೆ ಜಗತ್ತಿನ ಕಥೋಲಿಕ ಬಿಷಪ್‌ಗಳ ಸಭೆ, ಶಿಕ್ಷಣದ ಬಗ್ಗೆ ಒಂದು ಘೋಷಣೆ ಹೊರಡಿಸಿತು. ಶಿಕ್ಷಕರು ಪಾಠದಿಂದ ಮಾತ್ರವಲ್ಲ, ಬದುಕಿನಿಂದಲೂ ಕ್ರಿಸ್ತನಿಗೆ ಸಾಕ್ಷಿಯಾಗಬೇಕು ಅನ್ನುತ್ತದೆ ಅದು. ನನಗೆ ಮುಖ್ಯ ಅನ್ನಿಸುವುದು ಇದೇ. ಫೇಲಾದ ಮಗುವಿನ ಜೊತೆ ಹೇಗೆ ಮಾತಾಡುತ್ತೀರಿ? ತಪ್ಪು ಮಾಡಿದವನಿಗೆ ಇನ್ನೊಂದು ಅವಕಾಶ ಇದೆಯಾ? ಕಸ ಗುಡಿಸುವವರ ಹೆಸರು ಮಕ್ಕಳಿಗೆ ಗೊತ್ತಾ? ಧರ್ಮೋಪದೇಶದ ಪಿರಿಯಡ್‌ಗಿಂತ ಜಾಸ್ತಿ ಮಕ್ಕಳು ಕಲಿಯುವುದು ಇಲ್ಲಿಂದಲೇ.

ಸಂತ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ ಅವರನ್ನೇ ನೋಡಿ. 17ನೇ ಶತಮಾನದ ಫ್ರಾನ್ಸ್‌ನಲ್ಲಿ ಶ್ರೀಮಂತ ಮನೆತನದ ಪಾದ್ರಿ. ಬಡ ಮಕ್ಕಳ ಶಾಲೆಯ ಶಿಕ್ಷಕರನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡರು, ಮನೆಯವರು ಸಿಟ್ಟಾದರೂ ಬಿಡಲಿಲ್ಲ. ಆಮೇಲೆ ಆಸ್ತಿಯನ್ನೂ ಹಂಚಿಬಿಟ್ಟರು.

ಬೇರೆ ಧರ್ಮದ ಮಕ್ಕಳಿದ್ದರೆ? ಅಂಥ ಶಾಲೆಗಳೂ ಧರ್ಮಸಭೆಗೆ (ಕಥೋಲಿಕ ಚರ್ಚಿಗೆ) ತುಂಬ ಪ್ರಿಯ ಅಂತ ಅದೇ ಘೋಷಣೆ ಹೇಳುತ್ತದೆ. ವಿಶ್ವಾಸವನ್ನು ಹೇರುವಂತಿಲ್ಲ. ಸೇವಾ ಕೆಲಸಕ್ಕೆ ಎಲ್ಲರನ್ನೂ ಕರೆಯಿರಿ, ಆದರೆ ಸುಮ್ನೆ ಫೋಟೋಗೋಸ್ಕರ ಬೇಡ.